ನೀರು ತಿಳಿಯಾಗುವವರೆಗೆ

ತಾಯಿ ಮಗಳನ್ನು ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿ ಒಬ್ಬಳೇ ಒಳಗೆ ಬಂದಳು. ಚೀಟಿಯನ್ನು ಮೇಜಿನ ಮೇಲಿಟ್ಟು, ಹಲ್ಲು ಕೀಳಿಸಬೇಕು ಎನ್ನುವಷ್ಟೇ ಸಾಧಾರಣ ದನಿಯಲ್ಲಿ, "ಮಗೀಗೆ ಗರ್ಭಕೋಸ ತೆಗೆದ್ಬುಡ್ಬೇಕು ಕಣ್ರವ್ವ" ಎಂದಳು.

"ಏನಾಗಿದೆ?"

"ಏನೂ ಆಗಿಲ್ಲ. ದೊಡ್ಡೋಳಾಗವ್ಳೆ."

ನಾನು ಎದ್ದು ಹೊರಗೆ ಹೋಗಿ ನೋಡಿದೆ. ಹದಿನಾಲ್ಕರ ಆಸುಪಾಸಿನ ಹುಡುಗಿ. ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ. ನೆಲಕ್ಕೆ ಉದುರಿದ ಹೊಂಗೆ ಹೂಗಳನ್ನು ಲಂಗದ ಮಡಿಲಿಗೆ ಆರಿಸಿಕೊಳ್ಳುತ್ತಿದ್ದಳು. ಬಾಡಿದ್ದನ್ನು ಬಿಟ್ಟು ಹೊಸದನ್ನಷ್ಟೇ. ನಾನು ಪಕ್ಕದಲ್ಲಿ ಕುಳಿತಾಗ ಒಂದು ಹೂವನ್ನು ನನ್ನ ಕೋಟಿನ ಜೇಬಿಗೆ ಹಾಕಿ, ಜೇಬನ್ನು ಹೊರಗಿನಿಂದ ಎರಡು ಸಲ ತಟ್ಟಿದಳು. ಹುಟ್ಟಿದಾಗ ತಡವಾಗಿ ಅತ್ತ ಮಗು ಎಂದು ತಾಯಿ ಆಮೇಲೆ ಹೇಳಿದಳು. ಬುದ್ಧಿ ನಾಲ್ಕೈದು ವರ್ಷದವರಷ್ಟು. ಮಾತು ಬೆರಳೆಣಿಕೆಯಷ್ಟು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಂಜನಗೂಡು ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹೆರಿಗೆ ಮತ್ತು ಸ್ತ್ರೀರೋಗಗಳನ್ನು ನೋಡುತ್ತಿದ್ದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ವೈದ್ಯರಿಗೆ ಕೊಡುತ್ತಿದ್ದ 'ಗುರಿ' ಎಂಬ ಪದ ಕಡತಗಳಿಂದ ಆಗಷ್ಟೇ ಹೋಗಿತ್ತು. ಮೇಲಧಿಕಾರಿಗಳ ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ. ಹೆಂಗಸರು ತಾವಾಗಿ ಬಂದು ಆಪರೇಷನ್ ಕೇಳುವುದು ನನಗೆ ಹೊಸದಲ್ಲ. ಆದರೆ ಇದು ಬೇರೆ ಥರದ ಬೇಡಿಕೆ.

ತಾಯಿ ಹುಲ್ಲಹಳ್ಳಿ ಕಡೆಯ ನಾಲೆ ಬಯಲಿನ ಒಂದು ಊರಿನವಳು. ಗಂಡ ತೀರಿಕೊಂಡಿದ್ದ. ಗದ್ದೆಯಲ್ಲಿ ಕಳೆ, ನಾಟಿ, ಕುಯ್ಲು ಅವಳ ಕೆಲಸ. ಮೊದಲೆಲ್ಲ ಮಗಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಮುಟ್ಟು ಶುರುವಾದ ಮೇಲೆ ಕಷ್ಟವಾಯಿತು. ಹುಡುಗಿ ಕಟ್ಟಿದ ಬಟ್ಟೆಯನ್ನು ಕಿತ್ತು ಎಲ್ಲೆಂದರಲ್ಲಿ ಎಸೆಯುತ್ತಿದ್ದಳು. ಗದ್ದೆಯ ಯಜಮಾನ ಅವಳನ್ನು ಕರೆತರಬೇಡ ಎಂದ. ಅಂದಿನಿಂದ ಹುಡುಗಿ ಮನೆಯೊಳಗೆ, ಬಾಗಿಲಿಗೆ ಹೊರಗಿನಿಂದ ಬೀಗ.

"ಬೆಳಿಗ್ಗೆ ಓದೋಳು ಬೈಗಾದ್ಮ್ಯಾಲೆ ಬತ್ತೀನಿ. ಬೀಗ ತೆಗುದ್ರೆ ಬಾಗ್ಲಿಂದೇನೆ ಕುಂತಿರ್ತಾಳೆ. ಅತ್ತು ಅತ್ತು ಕಣ್ಣು ಊದ್ಕಂಡಿರ್ತವೆ" ಎಂದಳು ತಾಯಿ. ದನಿ ತಗ್ಗಿಸಿದಳು. "ಅದೊಂದೇ ಅಲ್ಲ ಕಣ್ರವ್ವ. ಯಾವನಾರ ಏನಾರ ಮಾಡ್ಬುಟ್ರೆ? ಬಸ್ರಾದ್ರೆ? ಅವ್ಳಿಗೆ ಏಳಕ್ಕೂ ಬರಕಿಲ್ಲ."

ನಾನು ಉತ್ತರಿಸಿದೆ: ಗರ್ಭಕೋಶ ತೆಗೆದರೆ ಅಪಾಯ ಹೋಗುವುದಿಲ್ಲ, ಅಪಾಯದ ಗುರುತು ಮಾತ್ರ ಹೋಗುತ್ತದೆ. ಮಾಡಿದವನಿಗೆ ಅನುಕೂಲ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಅದು ನಂಗೊತ್ತಿಲ್ವ? ಆದ್ರೆ ನಾನು ಒಬ್ಳನ್ನ ಸಾಕ್ಬವ್ದು. ಇಬ್ರನ್ನ ಎಂಗವ್ವ ಸಾಕ್ಲಿ?"

ಬೇರೆ ಯಾರ ಹತ್ತಿರವಾದರೂ ತೋರಿಸಿದ್ದೀಯಾ ಎಂದು ಕೇಳಿದೆ.

ನಮ್ಮಲ್ಲಿ ಅರಿವಳಿಕೆ ತಜ್ಞರಿರಲಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೈಸೂರಿಗೆ ಹೋಗಲಾರದವರು ತಿ. ನರಸೀಪುರದ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಹೋಗುತ್ತಿದ್ದರು. ಅದನ್ನು ನಡೆಸುತ್ತಿದ್ದವರು ನಿವೃತ್ತ ಸರ್ಕಾರಿ ಶಸ್ತ್ರವೈದ್ಯರು. ನನಗೆ ಕೈಹಿಡಿದು ಹೊಲಿಗೆ ಹಾಕಲು ಕಲಿಸಿದವರು ಅವರೇ. ತಾಯಿ ಅವರ ಹತ್ತಿರವೂ ಹೋಗಿ ಕೇಳಿದ್ದಳು. ಮಾಡಿಕೊಡುತ್ತೇನೆ, ಖರ್ಚಿನ ಚಿಂತೆ ಬೇಡ, ಆದರೆ ನಿಮ್ಮ ಕಡೆಯ ಲೇಡಿ ಡಾಕ್ಟರನ್ನೂ ಒಂದು ಮಾತು ಕೇಳು ಎಂದು ಅವರೇ ಕಳಿಸಿದ್ದರು.

ಮುಂದಿನ ಭಾನುವಾರ ನಾನು ನರಸೀಪುರಕ್ಕೆ ಹೋದೆ.

"ಎಮರ್ಜೆನ್ಸಿ ಕಾಲದಲ್ಲಿ ಸ್ಕೂಲ್ ಬೆಂಚು ಜೋಡಿಸಿ ಆಪರೇಷನ್ ಮಾಡಿದೀನಮ್ಮ" ಎಂದರು ಅವರು. "ಬಂದೋರು ಯಾಕೆ ಬಂದ್ರು, ಯಾರು ಎಳ್ಕೊಂಡು ಬಂದ್ರು, ಒಂದೂ ಕೇಳಲಿಲ್ಲ. ಅದು ತಪ್ಪು. ಒಪ್ತೀನಿ. ಇದು ಹಾಗಲ್ಲ. ಇಲ್ಲಿ ತಾಯಿನೇ ಕೇಳ್ತಿದಾಳೆ."

"ಹುಡುಗಿ ಕೇಳ್ತಿಲ್ವಲ್ಲ ಸರ್."

"ಅವಳಿಗೆ ಕೇಳೋಕೆ ಬರಲ್ವಲ್ಲ."

"ಬೇಡ ಅನ್ನೋಕೂ ಬರಲ್ಲ."

ಅವರು ನಕ್ಕರು. ಕೆಟ್ಟ ನಗುವಲ್ಲ. "ನೀನಿನ್ನೂ ಚಿಕ್ಕೋಳು. ಆ ಹೆಂಗಸಿನ ಮನೇಲಿ ಒಂದು ದಿನ ಇದ್ದು ಬಾ, ಆಮೇಲೆ ಹೇಳು."

ಮುಟ್ಟು ನಿಲ್ಲಿಸುವ ಚುಚ್ಚುಮದ್ದಿನ ಬಗ್ಗೆ ಕೇಳಿದೆ. ಅದು ನಮ್ಮ ಸರಬರಾಜಿನಲ್ಲಿರಲಿಲ್ಲ. ಸಿಕ್ಕಿದರೂ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸಿಕೊಳ್ಳುತ್ತದೆ. ಈ ಹುಡುಗಿಗೆ ಅದು ಇನ್ನೂ ಗೊಂದಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಓದಿದ್ದು ನೆನಪಾಯಿತು. ಕೆಲವು ದೇಶಗಳಲ್ಲಿ ಬುದ್ಧಿ ಬೆಳೆಯದವರ ಸಂತಾನಶಕ್ತಿಯನ್ನು ತೆಗೆದುಹಾಕಲು ಕಾನೂನೇ ಇತ್ತು. ಆ ಕಾನೂನನ್ನು ಟೇಬಲ್ಲಿನ ಮೇಲೆ ಜಾರಿ ಮಾಡಿದವರು ಪೊಲೀಸರಲ್ಲ, ನಮ್ಮಂಥವರು. ಶುಚಿಯಾಗಿ ಕೈ ತೊಳೆದುಕೊಂಡು, ಒಳ್ಳೆಯ ಮನಸ್ಸಿನಿಂದ. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಬ್ಬ ತಾಯಿಯ ಹೆಬ್ಬೆಟ್ಟು, ಒಬ್ಬ ವೈದ್ಯರ ಒಪ್ಪಿಗೆ ಸಾಕಿತ್ತು.

ನಾನು ತಾಯಿಯನ್ನು ಕರೆಸಿ ಒಂದು ಮಾತು ಕೇಳಿದೆ. ಹುಡುಗಿ ತನ್ನ ಬಟ್ಟೆಯನ್ನು ತಾನೇ ನೋಡಿಕೊಳ್ಳುವುದನ್ನು ಕಲಿತರೆ ಬೀಗ ತೆಗೆಯುತ್ತೀಯಾ? ಆಪರೇಷನ್ ಬಿಡುತ್ತೀಯಾ?

"ಅವ್ಳು ಕಲ್ತಾಳಾ?" ಎಂದು ತಾಯಿ ನಕ್ಕಳು. ಆಮೇಲೆ, "ಕುಯ್ಲು ಗಂಟ ನೋಡ್ತೀನಿ. ಕಲೀನಿಲ್ಲ ಅಂದ್ರೆ ಆ ಡಾಕುಟ್ರು ತಾವ್ಕೆ ಓಯ್ತೀನಿ. ಆಗ ನೀವು ಅಡ್ಡ ಬರ್ಬಾರ್ದು" ಎಂದಳು.

ಒಪ್ಪಿದೆ. ಆಗ ಪೈರು ಗದ್ದೆಯಲ್ಲಿ ಗೇಣುದ್ದ ಇತ್ತು.

ವಾರಕ್ಕೆರಡು ದಿನ, ಹೊರರೋಗಿಗಳ ಸಾಲು ಕರಗಿದ ಮೇಲೆ, ಹುಡುಗಿಗೆ ಪಾಠ. ಬದನವಾಳಿನ ಖಾದಿ ಕೇಂದ್ರದಿಂದ ಮೆತ್ತನೆಯ ಬಿಳಿ ಬಟ್ಟೆಯ ತುಂಡುಗಳನ್ನು ತಂದೆ. ಒಳಉಡುಪಿಗೆ ಮುಂದೊಂದು ಹಿಂದೊಂದು ಪಟ್ಟಿ ಹೊಲಿದು, ಮಡಿಸಿದ ಬಟ್ಟೆ ಜಾರದಂತೆ ಮಾಡಿದೆ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದೆ: ಮಡಿಸುವುದು, ಪಟ್ಟಿಯೊಳಗೆ ತೂರಿಸುವುದು, ಒದ್ದೆಯಾದಾಗ ಬದಲಿಸುವುದು, ತೊಳೆಯುವುದು, ಒಣಗಿಸುವುದು. ಒಂದು ಚಿಂದಿಬೊಂಬೆ ಮಾಡಿ, ಅದಕ್ಕೆ ಕುಂಕುಮದ ನೀರು ಸವರಿ ತೋರಿಸಿದೆ.

ಹುಡುಗಿ ಕುಂಕುಮವನ್ನು ತನ್ನ ಹಣೆಗೂ ಬೊಂಬೆಯ ಹಣೆಗೂ ಇಟ್ಟು, ಖಾದಿ ಬಟ್ಟೆಯನ್ನು ಬೊಂಬೆಗೆ ಹೊದಿಸಿ ಮಲಗಿಸಿದಳು.

"ಬುಡಿ ಮೇಡಂ, ನಿಮ್ ಶಿಷ್ಯೆ ಬಾಣಂತನ ಮಾಡೋದ್ನ ಮೊದ್ಲೇ ಕಲ್ತವ್ಳೆ" ಎಂದು ನಮ್ಮ ಸಿಸ್ಟರ್ ನಕ್ಕರು. ವಾರ್ಡಿನ ಹೆಂಗಸರೂ ನಕ್ಕರು. ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೊದಲ ತಿಂಗಳು ಅವಳು ಬಟ್ಟೆಯನ್ನು ಕಿತ್ತೆಸೆದಳು. ಎರಡನೆಯ ತಿಂಗಳು ಅದನ್ನು ತೆಗೆದು, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದ ತಾಯಿಯ ಕೈಗೆ ಕೊಟ್ಟಳು. ಎಸೆಯದೆ ಕೊಟ್ಟಳಲ್ಲ, ಅದು ಪ್ರಗತಿ ಎಂದು ನಾನು ಹೇಳಿದೆ. ತಾಯಿ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಯಾಕೆ ಹತ್ತುತ್ತಿಲ್ಲ ಎಂದು ಯೋಚಿಸುತ್ತಿದ್ದಾಗ, ಗದ್ದೆಯಲ್ಲಿ ಅವಳು ಏನು ಮಾಡುತ್ತಿದ್ದಳು ಎಂದು ತಾಯಿಯನ್ನು ಕೇಳಿದೆ.

"ಕಳೆ ಕೀಳ್ತಿದ್ಲು. ಒಂದ್ ದಿಸನೂ ಪೈರು ಕಿತ್ತೋಳಲ್ಲ."

ಭತ್ತದ ನಡುವಿನ ಕಳೆ ಎಳೆಯದಾಗಿದ್ದಾಗ ಭತ್ತದಂತೆಯೇ ಕಾಣುತ್ತದೆ. ನನಗೆ ಇವತ್ತಿಗೂ ವ್ಯತ್ಯಾಸ ತಿಳಿಯದು. "ಯಾರು ಹೇಳಿಕೊಟ್ರು?"

"ಏಳ್ಕೊಟ್ರೆ ಅವ್ಳಿಗೆಲ್ಲಿ ಅತ್ತದೆ? ನನ್ ಪಕ್ದಲ್ಲೇ ಕುಂತಿರ್ತಿದ್ಲು. ನೋಡ್ ನೋಡ್ಕಂಡು ಕಲ್ತ್ಲು."

ನೋಡಿ ಕಲಿಯುವ ಹುಡುಗಿ. ಅಡುಗೆ, ನೀರು ಸೇದುವುದು, ಜಡೆ ಹೆಣೆಯುವುದು, ಎಲ್ಲವನ್ನೂ ಅವಳು ಯಾರೋ ಮಾಡುವುದನ್ನು ನೋಡಿದ್ದಳು. ಇದೊಂದನ್ನು ಮಾತ್ರ ಅವಳೆದುರು ಯಾರೂ ಮಾಡಿರಲಿಲ್ಲ. ಇಡೀ ಊರಿನ ಹೆಂಗಸರು ಇದನ್ನು ಒಬ್ಬರಿಂದೊಬ್ಬರು ಬಚ್ಚಿಡುತ್ತಾರೆ. ಬುದ್ಧಿಯಿರುವವರು ಅರ್ಧ ಮಾತಿನಲ್ಲಿ ತಿಳಿದುಕೊಳ್ಳುತ್ತಾರೆ. ಅರ್ಧ ಮಾತು ತಿಳಿಯದವಳು ಏನು ಮಾಡಬೇಕು?

ನೀನೇ ತೊಳೆದು ತೋರಿಸು ಎಂದು ತಾಯಿಗೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ಸತ್ರೂ ಆಗಕಿಲ್ಲ. ನಮ್ಮವ್ವಂದ ನಾನೇ ನೋಡಿಲ್ಲ. ಸೌದೆ ಒಟ್ಟಿನ ಇಂದೆ ಒಣಾಕ್ತಿದ್ಲು. ಮಗ್ಳ ಮುಂದೆ ಎಂಗವ್ವ?"

ಅವಳನ್ನು ಒತ್ತಾಯಿಸುವ ನೈತಿಕ ಹಕ್ಕು ನನಗಿರಲಿಲ್ಲ. ಹಾಸ್ಟೆಲಿನಲ್ಲಿ ಐದೂವರೆ ವರ್ಷ ನಾನು ನನ್ನ ಬಟ್ಟೆಗಳನ್ನು ಟವೆಲಿನ ಅಡಿಯಲ್ಲಿ ಒಣಗಿಸಿದವಳು. ಅಮ್ಮನೊಂದಿಗೆ ಈ ವಿಷಯ ಒಂದು ಸಲವೂ ಆಡಿದವಳಲ್ಲ. ದಿನವೂ ಹತ್ತಾರು ಹೆಂಗಸರನ್ನು ಮುಟ್ಟಿನ ಬಗ್ಗೆ ಪ್ರಶ್ನಿಸುವುದು ನನ್ನ ವೃತ್ತಿ. ನನ್ನನ್ನು ಯಾರೂ ಕೇಳಬಾರದೆಂಬುದು ನನ್ನ ಸ್ವಭಾವ.

ಆ ತಿಂಗಳು ನನ್ನ ದಿನಗಳು ಬಂದಾಗ ಹುಡುಗಿಯನ್ನು ಕರೆತರಲು ಹೇಳಿಕಳಿಸಿದೆ.

ಆಸ್ಪತ್ರೆಯ ಹಿಂದೆ ಒಗೆಯುವ ಕಲ್ಲು, ನಲ್ಲಿ, ಬಕೆಟ್ಟು. ನನ್ನ ಬಟ್ಟೆಯನ್ನು ತಂದು ಅವಳೆದುರು ಬಕೆಟ್ಟಿನ ನೀರಿಗೆ ಹಾಕಿದೆ. ನೀರು ಕೆಂಪಾಯಿತು. ಹುಡುಗಿ ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ನೀರು ನೋಡಿದಳು.

"ನಿಂದಾ?" ಎಂದಳು.

"ನಂದೇ."

ಅವಳ ಮುಖದಲ್ಲಿ ಆಗ ಬಂದದ್ದನ್ನು ನಾನು ಮರೆತಿಲ್ಲ. ಇಷ್ಟು ದಿನ ತನಗೊಬ್ಬಳಿಗೇ ಆಗುತ್ತಿದೆ ಎಂದುಕೊಂಡಿದ್ದಳು.

ನೀರು ಚೆಲ್ಲಿ ಹೊಸ ನೀರು ತುಂಬಿದೆ. ಸೋಪು ಹಚ್ಚಿ ಉಜ್ಜಿದೆ. ಮತ್ತೆ ಚೆಲ್ಲಿ ಮತ್ತೆ ತುಂಬಿದೆ. ಪ್ರತಿ ಸಲವೂ ಬಕೆಟ್ಟನ್ನು ಅವಳ ಕಡೆಗೆ ವಾಲಿಸಿ, "ಕೆಂಪಿದೆಯಾ?" ಎಂದು ಕೇಳಿದೆ. ಇದ್ದಾಗ "ಅದೆ" ಎಂದಳು. ಕೊನೆಗೆ ಬಕೆಟ್ಟಿನ ತಳ ಕಂಡಿತು. "ಇಲ್ಲ!" ಎಂದು ಕೂಗಿದಳು. "ನೀರು ತಿಳಿಯಾಯ್ತು. ಆಯ್ತು, ನಿಲ್ಲಿಸು" ಎಂದು ಹೇಳಿ, ಬಟ್ಟೆಯನ್ನು ಹಿಂಡಿ, ಆಸ್ಪತ್ರೆಯ ಅಂಗಳದ ಹಗ್ಗದ ಮೇಲೆ, ಬಿಸಿಲು ನೇರವಾಗಿ ಬೀಳುವ ಕಡೆ ಹಾಕಿದೆ. ಮುಚ್ಚಲಿಲ್ಲ. ಕಾಂಪೌಂಡರು ಆಚೆ ಮುಖ ತಿರುಗಿಸಿ ನಡೆದುಹೋದರು. ನನ್ನ ಕಿವಿ ಬಿಸಿಯಾಗಿತ್ತು.

ಮುಂದಿನ ತಿಂಗಳು ತಾಯಿ ಓಡಿಬಂದಳು. ಮಗಳು ತಾನೇ ಬದಲಿಸಿದ್ದಳು, ತಾನೇ ತೊಳೆದಿದ್ದಳು, ಮನೆ ಮುಂದಿನ ತಂತಿಯ ಮೇಲೆ ಸಾಲಾಗಿ ಒಣಹಾಕಿದ್ದಳು.

"ಬೀದಿಗೆ ಕಾಣ್ವಂಗೆ! ಎದುರ್ಮನೆ ಮುದ್ಕಿ ಏನಂದ್ಲು ಗೊತ್ತಾ? 'ಏನಮ್ಮೀ, ನಿನ್ ಮಗ್ಳು ಬಾವುಟ ಏರ್ಸವ್ಳೆ, ಇವತ್ತೇನ್ ಸತಂತ್ರದ ದಿಸನಾ?' ಅಂದ್ಲು!"

"ನೀನೇನಂದೆ?"

"'ಊ ಕಣಮ್ಮೀ, ಬಾ ಮಿಠಾಯಿ ಕೊಡ್ತೀನಿ' ಅಂದೆ." ಅವಳು ಸೆರಗಿನಿಂದ ಬಾಯಿ ಮುಚ್ಚಿ ನಗತೊಡಗಿದಳು. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ.

ಬೀಗ ತೆಗೆದಳು. ಹುಡುಗಿ ಮತ್ತೆ ಗದ್ದೆಗೆ ಹೋಗತೊಡಗಿದಳು. ಎದೆ ಭಾರವಾದಾಗ, ಕಿಬ್ಬೊಟ್ಟೆ ಬಿಗಿದಾಗ ದಿನ ಹತ್ತಿರ ಬಂತೆಂದು ತಿಳಿಯುವುದನ್ನೂ ಕಲಿಸಿದೆ. ಎದೆಯ ಮೇಲೆ ಕೈಯಿಟ್ಟು "ಬತ್ತದೆ" ಎನ್ನುತ್ತಿದ್ದಳು, ಬಟ್ಟೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ.

ಕುಯ್ಲು ಶುರುವಾಗುವ ಹೊತ್ತಿಗೆ ನನ್ನನ್ನು ತರಬೇತಿಗೆಂದು ಮೈಸೂರಿಗೆ ಕಳಿಸಿದರು. ಎರಡು ವಾರದ ಮೇಲೆ ವಾಪಸ್ಸು ಬಂದಾಗ ಸಿಸ್ಟರ್ ನನ್ನ ಕಣ್ಣು ತಪ್ಪಿಸಿದರು. ಕೇಳಿದ್ದಕ್ಕೆ, "ನಿಮ್ ಹುಡ್ಗಿ ನರಸೀಪುರದಲ್ಲವ್ಳೆ ಮೇಡಂ. ಆಗೋಯ್ತಂತೆ" ಎಂದರು.

ಸಿಕ್ಕಿದ ಬಸ್ಸು ಹತ್ತಿದೆ. ಕಪಿಲಾ ನದಿ ರಸ್ತೆಯ ಪಕ್ಕ ಅಲ್ಲಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿತ್ತು.

ನರ್ಸಿಂಗ್ ಹೋಮಿನ ಬಾಗಿಲಲ್ಲೇ ಅಲ್ಲಿಯ ನರ್ಸ್ ಸಿಕ್ಕಿದಳು. ನಾನು ಯಾರೆಂದು ತಿಳಿದದ್ದೇ ದೂರು ಹೇಳಿದಳು. "ಒಸಿ ನೀವೇ ಬುದ್ಧಿ ಏಳಿ ಮೇಡಂ. ಡ್ರೆಸ್ಸಿಂಗ್ ಹಾಕ್ದಂಗೆಲ್ಲ ಕಿತ್ಕಂಡು ನಲ್ಲಿ ತಾವ್ಕೆ ಓಯ್ತಾಳೆ. ರಕ್ತ ಅದೆ, ತೊಳೀಬೇಕು ಅಂತಾಳೆ. ಒಲಿಗೆ ಬುಟ್ಕಂಡ್ರೆ ಯಾರು ನೋಡೋರು?"

ಹುಡುಗಿ ಮಂಚದ ಮೇಲಿದ್ದಳು. ಎರಡೂ ಕೈಗಳನ್ನು ಮಂಚದ ಸರಳಿಗೆ ಮೆತ್ತಗೆ ಕಟ್ಟಿದ್ದರು. ನನ್ನನ್ನು ಕಂಡು ಮುಖ ಅರಳಿತು. ಗದ್ದದಿಂದ ಹೊಟ್ಟೆಯ ಕಡೆ ತೋರಿಸಿ, "ಬಂತು" ಎಂದಳು. ನಾನು ಹೇಳಿಕೊಟ್ಟಂತೆ ಎಲ್ಲವನ್ನೂ ಮಾಡಲು ಹೊರಟರೆ ಇವರು ಬಿಡುತ್ತಿಲ್ಲ ಎಂಬ ದೂರು ಅವಳ ಕಣ್ಣಿನಲ್ಲಿತ್ತು.

ಕೈ ಬಿಚ್ಚಿದೆ. ಗಾಯ ನೋಡಿದೆ. ಅಚ್ಚುಕಟ್ಟಾದ ಹೊಲಿಗೆ, ಅವರ ಕೈಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

ತಾಯಿ ಮೂಲೆಯಲ್ಲಿ ಕುಳಿತಿದ್ದಳು. ಅವಳೇ ಹೇಳಿದಳು. ಕುಯ್ಲಿನ ಗದ್ದೆಯಲ್ಲಿ ಎಲ್ಲರೂ ಬಗ್ಗಿ ಕೆಲಸ ಮಾಡುತ್ತಿದ್ದಾಗ, ಯಾರೋ ಒಬ್ಬ ಬಿಸ್ಕತ್ತು ತೋರಿಸಿ ಹುಡುಗಿಯನ್ನು ಪಂಪ್‌ಸೆಟ್ ಮನೆಯ ಕಡೆಗೆ ಕರೆದಿದ್ದ. ಹುಲ್ಲು ಕುಯ್ಯುತ್ತಿದ್ದ ಹೆಂಗಸೊಬ್ಬಳು ನೋಡಿ ಕೂಗಿಕೊಂಡಳು. ಅವನು ಓಡಿಹೋದ. ಏನೂ ಆಗಲಿಲ್ಲ. ಯಾರೆಂದು ಊರಿಗೆಲ್ಲ ಗೊತ್ತು. ಯಾರೂ ಹೆಸರು ಹೇಳಲಿಲ್ಲ.

"ನೀವು ಏಳ್ದಂಗೆ ಅವ್ಳು ಕಲ್ತ್ಲು ಕಣ್ರವ್ವ" ಎಂದಳು ತಾಯಿ. "ಊರ್ಗೆ ಕಲ್ಸೋರು ಯಾರು?"

ಬಾಗಿಲಿಗೆ ಬೀಗ ಹಾಕಿಯೇ ಇದ್ದಿದ್ದರೆ ಎಂದು ಅವಳು ಹೇಳಲಿಲ್ಲ.

"ಅವಳಿಗೆ ಏನಾದ್ರೂ ಹೇಳಿದ್ರಾ, ಏನು ಮಾಡ್ತಾರೆ ಅಂತ?"

"ಏನಂತ ಏಳ್ಲಿ? ಊಟ ಕೊಡ್ಬ್ಯಾಡಿ ಅಂದಿದ್ರು. ಅಸ್ವು ಅಸ್ವು ಅಂತ ಅತ್ಲು. ಅಷ್ಟೇಯ."

ಹಿರಿಯ ವೈದ್ಯರು ತಮ್ಮ ಕೋಣೆಯಲ್ಲಿದ್ದರು. ನಾನು ಜಗಳವಾಡಲು ಬಂದಿದ್ದೇನೆ ಎಂದುಕೊಂಡಿದ್ದರೇನೋ, ಮೊದಲೇ ಹೇಳಿದರು: "ಅಂಡಾಶಯ ಎರಡೂ ಉಳಿಸಿದೀನಿ. ಚಿಕ್ಕ ವಯಸ್ಸು, ಮೂಳೆಗೆ ಬೇಕು." ವೈದ್ಯಕೀಯವಾಗಿ ಅದು ಸರಿ. ನಾನಾಗಿದ್ದರೂ ಉಳಿಸುತ್ತಿದ್ದೆ.

ನಾನು ಎದ್ದಾಗ ಅವರು ಮೇಜಿನ ಡ್ರಾಯರಿನಿಂದ ಏನನ್ನೋ ತೆಗೆದು ಮುಂದಿಟ್ಟರು. ಒಂದು ಹುಣಿಸೆ ಬೀಜ. "ಟೇಬಲ್ ಮೇಲೆ ಮಲಗಿಸೋಕೆ ಮುಂಚೆ ನನ್ನ ಜೇಬಿಗೆ ಹಾಕಿದ್ಲು. ಆಮೇಲೆ ನೋಡ್ದೆ" ಎಂದರು. "ಎಸೆಯೋಕೆ ಮನಸ್ಸು ಬರಲಿಲ್ಲ." ಕಿಟಕಿಯ ಕಡೆ ತಿರುಗಿದರು. ಎಮರ್ಜೆನ್ಸಿಯ ಆ ಶಾಲೆಯ ಬೆಂಚುಗಳ ಮೇಲೆ, ಎಷ್ಟು ಜನ ಅವರಿಗೆ ಏನೇನು ಹೇಳಲು ನೋಡಿದ್ದರೋ.

ಹೊಲಿಗೆ ನಾನೇ ಬಿಚ್ಚಿದೆ. ಗಾಯ ಚೆನ್ನಾಗಿ ಮಾಗಿತು. ತಾಯಿ ನಿರಾಳವಾಗಿ ಕೆಲಸಕ್ಕೆ ಹೋಗುತ್ತಿದ್ದಳು. ಬಾಗಿಲಿಗೆ ಮತ್ತೆ ಬೀಗ ಬಿದ್ದಿತ್ತು.

ಅಂಡಾಶಯ ಉಳಿದಿದ್ದರಿಂದ ತಿಂಗಳ ಲಯ ಒಳಗೆ ನಡೆದೇ ಇತ್ತು. ಎದೆ ಭಾರವಾಗುತ್ತಿತ್ತು. ಅದು ಹುಡುಗಿಗೆ ತಿಳಿಯುತ್ತಿತ್ತು, ಯಾಕೆಂದರೆ ತಿಳಿಯುವುದನ್ನು ಅವಳು ಕಲಿತಿದ್ದಳು. ಖಾದಿ ಬಟ್ಟೆ ಮಡಿಸಿ, ಪಟ್ಟಿಯೊಳಗೆ ತೂರಿಸಿಕೊಂಡು ಕಾಯುತ್ತಿದ್ದಳು. ಬರದಿದ್ದಾಗ ಊಟ ಬಿಡುತ್ತಿದ್ದಳು. ಇನ್ನು ಬರುವುದಿಲ್ಲ ಎಂದು ತಾಯಿ ಹೇಳಿದರೆ ತಲೆಯಲ್ಲಾಡಿಸಿ, ಎದೆ ಮುಟ್ಟಿಕೊಂಡು, "ಬತ್ತದೆ" ಎನ್ನುತ್ತಿದ್ದಳಂತೆ. ಕೊನೆಗೆ ತಾಯಿ ಅವಳನ್ನು ನನ್ನ ಹತ್ತಿರ ಕರೆತಂದಳು.

"ನೀವೇ ಏಳ್ಬುಡಿ. ನಿಮ್ ಮಾತು ಕೇಳ್ತಾಳೆ."

ಅವಳಿಗೆ ಹೇಳಿದರೆ ಹತ್ತುವುದಿಲ್ಲ; ನೋಡಿ ಕಲಿಯುವವಳು. ಆಗದಿರುವುದನ್ನು ತೋರಿಸುವುದು ಹೇಗೆ?

ಹುಡುಗಿಯೇ ನನ್ನ ಕೈ ಹಿಡಿದು ಆಸ್ಪತ್ರೆಯ ಹಿಂದಕ್ಕೆ ಕರೆದೊಯ್ದಳು. ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ಲಂಗದ ಮಡಿಲಿನಿಂದ ಬಿಳಿ ಬಟ್ಟೆಯನ್ನು ತೆಗೆದು ನೀರಿಗೆ ಹಾಕಿ, ಬಗ್ಗಿ ನೋಡಿದಳು. ತಳ ಕಾಣುತ್ತಿತ್ತು. ಸೋಪು ಹಚ್ಚಿದಳು, ಉಜ್ಜಿದಳು, ನೀರು ಚೆಲ್ಲಿ ಮತ್ತೆ ತುಂಬಿದಳು. ಬಕೆಟ್ಟನ್ನು ನನ್ನ ಕಡೆಗೆ ವಾಲಿಸಿ, ನಾನು ಏನಾದರೂ ಹೇಳಲಿ ಎಂದು ಕಾದಳು. ಮತ್ತೆ ಚೆಲ್ಲಿದಳು, ಮತ್ತೆ ತುಂಬಿದಳು.

ನೀರು ತಿಳಿಯಾದಾಗ ನಿಲ್ಲಿಸಬೇಕೆಂದು ಕಲಿಸಿದ್ದೆ. ಮೊದಲಿನಿಂದಲೂ ತಿಳಿಯಾಗಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಕಲಿಸಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ.